ಹತ್ತನೆಯ ಸಾಲು

ಕಬ್ಬಾಳಿಗೆ ಹೋಗುವ ರಸ್ತೆಯಲ್ಲಿ ಕೆಂಚಯ್ಯನದೊಡ್ಡಿಯ ತಿರುವು ದಾಟಿದ ಕೂಡಲೇ ಎಡಕ್ಕೆ ಕರಿಯಪ್ಪನ ಹುಳಮನೆ ಸಿಗುತ್ತದೆ. ರೇಷ್ಮೆ ಹುಳ ಸಾಕುವ ಉದ್ದನೆಯ ಮನೆ. ರಸ್ತೆಗೆ ಬೆನ್ನು ತಿರುಗಿಸಿ ಕೂತಿದೆ. ಆ ಬೆನ್ನಿನ ಗೋಡೆಗೆ ಸುಣ್ಣ ಬಳಿದು, ಅದರ ಮೇಲೆ ಕೆಮ್ಮಣ್ಣಿನಲ್ಲಿ ಹತ್ತು ಹೆಸರು ಬರೆದಿರುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಹತ್ತು ಫುಟ್‌ಬಾಲ್ ಕ್ಲಬ್ಬುಗಳ ಹೆಸರು. ಪ್ರತಿ ಹೆಸರಿನ ಮುಂದೆ ಅದರ ಪಾಯಿಂಟು.

ಈ ‘ನಾಲ್ಕು ತಾಲ್ಲೂಕು ಲೀಗು’ ಸಂಕ್ರಾಂತಿ ಕಳೆದ ಮೇಲೆ ಶುರುವಾಗಿ ಯುಗಾದಿಯ ಹೊತ್ತಿಗೆ ಮುಗಿಯುತ್ತದೆ. ಆಟ ಭಾನುವಾರ. ಸೋಮವಾರ ಬೆಳಿಗ್ಗೆ ಕರಿಯಪ್ಪ ಹಳೆಯ ಸಾಲುಗಳ ಮೇಲೆ ಸುಣ್ಣ ಎಳೆದು, ಅದು ಒಣಗುವ ತನಕ ಬೀಡಿ ಸೇದುತ್ತ ಕೂತಿದ್ದು, ಆಮೇಲೆ ಹೊಸದಾಗಿ ಬರೆಯುತ್ತಾನೆ. ಬರೆಯುವುದು ಕೆಳಗಿನಿಂದ ಮೇಲಕ್ಕೆ. ಮೇಲಿನ ಒಂಬತ್ತು ಹೆಸರುಗಳು ವಾರವಾರವೂ ಜಾಗ ಬದಲಿಸುತ್ತವೆ, ಅವಕ್ಕೆ ಯಾರಿಗಾದರೂ ಫೋನು ಮಾಡಿ ಕೇಳಬೇಕು. ಹತ್ತನೆಯದಕ್ಕೆ ಕೇಳಬೇಕಾದ್ದಿಲ್ಲ. ಅಲ್ಲಿ ‘ಯಂಗ್ ಸ್ಟಾರ್ಸ್, ಕೆಂಚಯ್ಯನದೊಡ್ಡಿ’ ಎಂದೇ ಇರುತ್ತದೆ.

ಮಂಗಳವಾರ, ಶುಕ್ರವಾರ ಕಬ್ಬಾಳಮ್ಮನಿಗೆ ಹೋಗುವವರು ಬೈಕು ನಿಧಾನ ಮಾಡಿ ಓದುತ್ತಾರೆ.

“ಏನ್ ಕರಿಯಪ್ನೋರೆ, ನಿಮ್ಮೋರು ಈ ವಾರಾನೂ ಕೊನೇನಾ?”

“ಕೆಳಗಿಂದ ಎಣಿಸ್ಕೊಂಡು ಬಾರ್ಲಾ, ಫಸ್ಟು ನಾವೇ.”

ಈ ಮಾತನ್ನು ಅವನು ಎಷ್ಟೋ ವರ್ಷದಿಂದ ಹೇಳುತ್ತ ಬಂದಿದ್ದಾನೆ. ಹೇಳುವಾಗ ನಗುವುದಿಲ್ಲ.

ಕರಿಯಪ್ಪ ಹುಡುಗನಾಗಿದ್ದಾಗ ಅಪ್ಪನ ಜೊತೆ ರೇಷ್ಮೆ ಗೂಡು ಮಾರಲು ರಾಮನಗರದ ಮಾರುಕಟ್ಟೆಗೆ ಹೋಗುತ್ತಿದ್ದ. ಹರಾಜು ಕೂಗುವ ತನಕ ಗೂಡಿನ ಚೀಲ ಕಾಯುವುದು ಅವನ ಕೆಲಸ. ಮಾರುಕಟ್ಟೆಯ ಹಿಂದಿನ ಬಯಲಿನಲ್ಲಿ ರೀಲರುಗಳ ಮಕ್ಕಳು, ಅಂದರೆ ಗೂಡು ಕೊಂಡು ನೂಲು ತೆಗೆಯುವವರ ಹುಡುಗರು, ಚೆಂಡಾಡುತ್ತಿದ್ದರು. ಒಂದು ದಿನ ಅವರಿಗೆ ಒಬ್ಬ ಕಡಿಮೆ ಬಿದ್ದ. ಅಸ್ಗರ್ ಎಂಬ ಹುಡುಗ ಬಂದು, “ಏಯ್ ಗೂಡಿನ ಹುಡುಗಾ, ಬರ್ತೀಯಾ? ಬರೀ ಅಡ್ಡ ನಿಂತ್ಕೋ ಸಾಕು” ಎಂದ. ಕರಿಯಪ್ಪ ಬರಿಗಾಲಲ್ಲಿ ಹೋಗಿ ಅಡ್ಡ ನಿಂತ. ನಿಂತವನನ್ನು ದಾಟಿಕೊಂಡು ಅವತ್ತು ಯಾರಿಗೂ ಹೋಗಲಾಗಲಿಲ್ಲ. ಚೀಲ ಬಿಟ್ಟು ಹೋಗಿದ್ದಕ್ಕೆ ಅಪ್ಪನ ಕೈಯಲ್ಲಿ ಒದೆ ತಿಂದ. ಆದರೆ ಊರಿಗೆ ಬರುವಾಗ ಅಸ್ಗರ್ ಕೊಟ್ಟ ತೇಪೆ ಹಾಕಿದ ಚೆಂಡು ಅವನ ಕಂಕುಳಲ್ಲಿತ್ತು.

ಕ್ಲಬ್ಬು ಹುಟ್ಟಿದ್ದು ಅದಾದ ಒಂದೆರಡು ವರ್ಷದ ಮೇಲೆ, ಎಂಬತ್ತನಾಲ್ಕರಲ್ಲಿ. ಬನಿಯನ್ನಿಗೆ ಯಾವ ಬಣ್ಣ ಎಂದು ಕೇಳಿದಾಗ, ಊರಿನವರು ಮನೆಯಲ್ಲಿದ್ದ ಗೂಡನ್ನೇ ತೆಗೆದು ತೋರಿಸಿದ್ದರು: ಈ ಹಳದಿ. ಇವತ್ತಿಗೂ ಅದೇ ಬಣ್ಣ. ಒಂದು ವರ್ಷ ಯಂಗ್ ಸ್ಟಾರ್ಸ್ ಮೂರನೆಯ ಸ್ಥಾನಕ್ಕೆ ಬಂದಿತ್ತು. ಆ ವರ್ಷ ಗೋಡೆಗೆ ವರ್ಷಪೂರ್ತಿ ಯಾರೂ ಸುಣ್ಣ ಬಳಿಯಗೊಡಲಿಲ್ಲ. ಲೀಗಿನ ಕಪ್ಪನ್ನು ಗೆದ್ದದ್ದಿಲ್ಲ. ಆದರೆ ಲೀಗು ಶುರುವಾದಾಗಿನಿಂದ ಒಂದು ವರ್ಷವೂ ತಪ್ಪಿಸದೆ ಆಡಿದ ಕ್ಲಬ್ಬು ಇದೊಂದೇ. ಮೇಲೆ ಇದ್ದವರು ಎಷ್ಟೋ ಜನ ಬಂದರು, ಕಪ್ಪು ಎತ್ತಿದರು, ಜಗಳವಾಡಿ ಮುಚ್ಚಿಕೊಂಡು ಹೋದರು.

ಈಗ ತಂಡದ ನಾಯಕ ಕರಿಯಪ್ಪನ ಮಗ ಲೋಕೇಶ್. ಅವನೂ ಅಪ್ಪನ ಹಾಗೆ ಅಡ್ಡ ನಿಲ್ಲುವ ಬ್ಯಾಕ್.

ಹುಳ ಸಾಕುವ ಊರಿನವರು ಫುಟ್‌ಬಾಲ್ ಆಡಬೇಕೆಂದರೆ ಅದಕ್ಕೊಂದು ಕ್ರಮ ಬೇಕು. ಹುಳ ಕೊನೆಯ ಸಲ ಪೊರೆ ಕಳಚಿ, ಅಂದರೆ ಕೊನೆಯ ಜ್ವರ ಎದ್ದ ಮೇಲೆ, ಹಿಪ್ಪುನೇರಳೆ ಸೊಪ್ಪು ಕೊಯ್ದು ಹಾಕುವುದರಲ್ಲೇ ಹಗಲೂ ಇರುಳೂ ಕಳೆಯುತ್ತದೆ. ಹುಳ ಹಣ್ಣಾಗುವ ದಿನವಂತೂ ಮುಗಿದೇ ಹೋಯಿತು. ಸೊಪ್ಪು ತಿನ್ನುವುದು ಬಿಟ್ಟು, ಮೈ ಹಳದಿಗೆ ತಿರುಗಿ, ತಲೆಯೆತ್ತಿ ಜಾಗ ಹುಡುಕುವ ಹುಳಗಳನ್ನು ಒಂದೊಂದಾಗಿ ಆಯ್ದು ಅವು ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡಬೇಕು. ತಡವಾದರೆ ಸಿಕ್ಕಲ್ಲೇ ನೂಲು ಬಿಟ್ಟು ಕೆಡುತ್ತವೆ. ಅದಕ್ಕಾಗಿ ಕೆಂಚಯ್ಯನದೊಡ್ಡಿಯಲ್ಲಿ ಲೀಗಿನ ತಿಂಗಳುಗಳಲ್ಲಿ ಮೇಲಿನ ಬೀದಿಯವರು ಒಂದು ವಾರ ಸಾಕಲು ಮರಿಹುಳ, ಅಂದರೆ ಚಾಕಿ ಹುಳ, ತಂದರೆ, ಕೆಳಗಿನ ಬೀದಿಯವರು ಇನ್ನೊಂದು ವಾರ ತರುತ್ತಿದ್ದರು. ಒಂದು ಬೀದಿಯಲ್ಲಿ ಹುಳ ಹಣ್ಣಾದರೆ ಇನ್ನೊಂದು ಬೀದಿಯವರು ಆಟಕ್ಕೆ ಹೋಗುತ್ತಿದ್ದರು. ಈ ಕ್ರಮ ಮಾಡಿದವನು ಕರಿಯಪ್ಪ. ಮುರಿದವನು ಲೋಕೇಶ್.

ಮುರಿದದ್ದು ಒಳ್ಳೆಯ ಮನಸ್ಸಿನಿಂದಲೇ. ಮಾಘದಲ್ಲಿ ಕೆಳಗಿನ ಬೀದಿಗೆ ಹಾಲುತೊಂಡೆ ರೋಗ ಬಂದು ಹುಳವೆಲ್ಲ ಗುಂಡಿಗೆ ಹೋಯಿತು. ಗಂಡನಿಲ್ಲದೆ ಮಗನೊಬ್ಬನನ್ನು ಕಟ್ಟಿಕೊಂಡು ಹುಳ ಸಾಕುವ ಅಂಕಮ್ಮನ ಮನೆಯಲ್ಲಿ ಒಂದು ತಟ್ಟೆಯಷ್ಟು ಹುಳವೂ ಉಳಿಯಲಿಲ್ಲ. ಆಗ ಲೋಕೇಶ್, “ಈ ಸಲ ಊರೆಲ್ಲ ಒಟ್ಟಿಗೇ ಚಾಕಿ ತರಾನ. ಕೆಳಗಿನ್ ಬೀದಿಯೋರು ಅವ್ರ ವಾರ ಬರೋಗಂಟ ಕಾಯೋದ್ ಬ್ಯಾಡ. ಅವ್ರಿಗೆ ಸೊಪ್ಪು ಸಾಲ್ದೇ ಬಂದ್ರೆ ನಮ್ ತೋಟದ್ದು ಕೊಟ್ರಾಯ್ತು. ಒಬ್ರಿಗೊಬ್ರು ಆಗ್ದೆ ಇದ್ರೆ ಹೆಂಗೆ?” ಎಂದ. ಎಲ್ಲರೂ ಹೂಂ ಅಂದರು. ಲೀಗಿನ ನೆನಪು ಯಾರಿಗೂ ಬರಲಿಲ್ಲ. ಬಂದಾಗ ಲೋಕೇಶ್ ಬೆರಳು ಮಡಿಸಿ ಲೆಕ್ಕ ಹಾಕಿ, “ಭಾನುವಾರ ಕೊನೇ ಆಟ. ಹುಳ ಹಣ್ಣಾಗೋದು ಮಂಗಳವಾರ. ಏನೂ ತೊಂದ್ರೆ ಇಲ್ಲ” ಎಂದು ಸಮಾಧಾನ ಮಾಡಿದ.

ತೊಂದರೆ ಏನೆಂದರೆ, ಈ ವರ್ಷ ಯಂಗ್ ಸ್ಟಾರ್ಸ್ ಆಗಲೇ ಎರಡು ಆಟಕ್ಕೆ ಹೋಗದೆ ವಾಕೋವರ್ ಕೊಟ್ಟಿತ್ತು. ಒಮ್ಮೆ ಮಾಗಡಿಗೆ ಹೋಗುವಾಗ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಇವರು ತಲುಪುವ ಹೊತ್ತಿಗೆ ರೆಫ್ರಿ ಮನೆಗೆ ಹೋಗಿದ್ದ. ಇನ್ನೊಮ್ಮೆ ಆಟದ ದಿನವೇ ಊರಿನ ಹಿರಿಯ ಬೋರಲಿಂಗಯ್ಯ ತೀರಿಕೊಂಡ. ಹೆಣ ಇಟ್ಟುಕೊಂಡು ಚೆಂಡಾಡಲು ಯಾರು ಹೋಗುತ್ತಾರೆ? ಲೀಗಿನ ನಿಯಮ ಒಂದೇ ಮಾತಿನದು: ಒಂದೇ ವರ್ಷ ಮೂರು ವಾಕೋವರ್ ಕೊಟ್ಟ ಕ್ಲಬ್ಬನ್ನು ತೆಗೆದುಹಾಕುವುದು.

ಕೊನೆಯ ಆಟದ ಹಿಂದಿನ ಶುಕ್ರವಾರ ಲೀಗಿನ ಕಾರ್ಯದರ್ಶಿ ಜಯಕುಮಾರ್ ಕಾರಿನಲ್ಲಿ ಬಂದರು. ರಾಮನಗರದಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟವರು, ಮೆತ್ತಗೆ ಮಾತಾಡುವವರು. ಗೋಡೆಯ ಮುಂದೆ ನಿಂತು ಹತ್ತು ಹೆಸರನ್ನೂ ಓದಿ, “ಅಕ್ಷರ ಚೆನ್ನಾಗಿದೆ ಕರಿಯಪ್ನೋರೆ” ಎಂದರು. ಸಿದ್ದಮ್ಮ ಗಂಡನಿಗೂ ಬಂದವರಿಗೂ ಮಜ್ಜಿಗೆ ತಂದುಕೊಟ್ಟು ಅಲ್ಲೇ ನಿಂತಳು.

“ಬಿಡದಿ ಕಡೆ ಈಗಲ್ಸ್ ಅಂತ ಹೊಸ ಕ್ಲಬ್ ಆಗಿದೆ” ಎಂದು ಜಯಕುಮಾರ್ ಶುರುಮಾಡಿದರು. “ಒಳ್ಳೇ ಹುಡುಗರು, ಕೋಚ್ ಇದಾರೆ, ಶೂ ಇದೆ, ಎಲ್ಲಾ ಇದೆ. ಲೀಗಲ್ಲಿ ಜಾಗ ಇಲ್ಲ. ನೀವಾಗಿ ನಿಮ್ಮ ಜಾಗ ಬಿಟ್ಟುಕೊಟ್ರೆ, ನಿಮ್ಮ ಚರಿತ್ರೆನೂ ಅವರು ಇಟ್ಕೋತಾರೆ. ಬನಿಯನ್ ಮೇಲೆ ‘ಸ್ಥಾಪನೆ ೧೯೮೪’ ಅಂತಾನೇ ಹಾಕ್ತಾರೆ. ಉದ್ಘಾಟನೆ ದಿನ ನಿಮಗೆ ಶಾಲು ಹೊದಿಸಿ ಸನ್ಮಾನ ಮಾಡ್ತಾರೆ.”

“ಬಣ್ಣ?” ಎಂದ ಕರಿಯಪ್ಪ.

“ಬಣ್ಣ ನೀಲಿ. ಹೆಸರು ಈಗಲ್ಸ್ ಅಂತ.”

“ಹೆಸ್ರು ಅವ್ರುದು, ಬಣ್ಣ ಅವ್ರುದು, ಆಡೋರು ಅವ್ರು. ಎಂಬತ್ನಾಕು ಮಾತ್ರ ನಮ್ದು. ಅಲ್ಲಾ ಸ್ವಾಮಿ, ಯಾರಾದ್ರೂ ಬಂದು ನಿನ್ ಹುಟ್ಟಿದ್ ದಿನ ನಂಗೆ ಕೊಡು ಅಂದ್ರೆ ಕೊಟ್ಬುಡ್ತೀರಾ?”

ಜಯಕುಮಾರ್ ನಕ್ಕರು. “ನಾನು ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಭಾನುವಾರ ನೀವು ಬರಲ್ಲ ಅಂತ ಎಲ್ಲಾ ಕಡೆ ಮಾತಿದೆ. ಊರೆಲ್ಲ ಒಟ್ಟಿಗೇ ಹುಳ ತಂದಿದೀರಂತೆ. ಬರದೇ ಹೋದ್ರೆ ಶಾಲೂ ಇಲ್ಲ, ಎಂಬತ್ನಾಲ್ಕೂ ಇಲ್ಲ. ತೆಗೆದುಹಾಕಿದ್ರು ಅನ್ನಿಸ್ಕೊಳ್ಳೋದಕ್ಕಿಂತ, ಬಿಟ್ಟುಕೊಟ್ರು ಅನ್ನಿಸ್ಕೊಳ್ಳೋದು ಮೇಲಲ್ವಾ? ಹೇಗಿದ್ರೂ ಇರೋದು ಕೊನೇ ಸ್ಥಾನ.”

ಕರಿಯಪ್ಪ ಮಜ್ಜಿಗೆ ಲೋಟ ಕೆಳಗಿಟ್ಟ. “ಕೊನೇ ಸ್ಥಾನಾನೂ ಸ್ಥಾನಾನೇ ಸ್ವಾಮಿ. ಅದು ಸುಮ್ನೆ ಸಿಕ್ಕಿದ್ದಲ್ಲ. ವಾರವಾರಾನೂ ಮೈ ಹಣ್ಣಾಗಂಗೆ ಆಡಿ ಸೋತು ಗಳಿಸಿರೋದು. ನಾವು ಭಾನುವಾರ ಬತ್ತೀವಿ.”

“ಅವ್ರಿಗೆ ಶಾಲು ಉಳೀತು ಬುಡು” ಎಂದಳು ಸಿದ್ದಮ್ಮ, ಲೋಟ ಎತ್ತಿಕೊಳ್ಳುತ್ತ.

ಶನಿವಾರ ಬಿಸಿಲು ವಿಪರೀತವಾಯಿತು. ಹುಳಮನೆಯ ಕಿಟಕಿಗಳಿಗೆ ಗೋಣಿ ತೋಯಿಸಿ ಕಟ್ಟಿದರೂ ಕಾವು ಇಳಿಯಲಿಲ್ಲ. ಕಾವು ಏರಿದರೆ ಹುಳ ಬೇಗ ಹಣ್ಣಾಗುತ್ತದೆ ಎಂಬುದು ಲೋಕೇಶನಿಗೆ ಗೊತ್ತಿಲ್ಲದ್ದೇನಲ್ಲ. ಬೆರಳು ಮಡಿಸುವಾಗ ಬಿಸಿಲನ್ನು ಲೆಕ್ಕಕ್ಕೆ ಹಿಡಿಯುವುದು ಮರೆತಿದ್ದ, ಅಷ್ಟೆ.

ಭಾನುವಾರ ಬೆಳಗಾಗುವ ಹೊತ್ತಿಗೆ ಹೆಂಡತಿ ಲತಾಮಣಿ ಹುಳಮನೆಯಿಂದ ಕೂಗಿದಳು. “ರೀ, ಬಂದು ನೋಡ್ರಿ ಇಲ್ಲಿ.”

ನೋಡಬೇಕಾದ್ದೇನೂ ಇರಲಿಲ್ಲ. ರಾತ್ರಿ ಹಾಕಿದ ಸೊಪ್ಪು ಹಾಗೇ ಇತ್ತು. ತಟ್ಟೆತಟ್ಟೆಯಲ್ಲೂ ಹುಳಗಳು ಮೈ ಹೊಳೆಯಿಸುತ್ತ, ತಲೆ ಎತ್ತಿ ಗಾಳಿಯಲ್ಲಿ ಆಡಿಸುತ್ತಿದ್ದವು. ಪಕ್ಕದ ಮನೆಯಲ್ಲೂ ಚಂದ್ರಿಕೆ ಇಳಿಸುವ ಸದ್ದು ಕೇಳಿಸಿತು. ಅದರಾಚೆಯ ಮನೆಯಲ್ಲೂ.

ಹಾಲಿನ ಡೈರಿಯ ಮುಂದೆ ಊರೆಲ್ಲ ಕ್ಯಾನು ಹಿಡಿದು ನಿಂತಿತ್ತು. ಹಾಲಿಗಿಂತ ಮಾತೇ ಹೆಚ್ಚಾಗಿತ್ತು.

“ಲೇ ಲೋಕೇಶ, ಮಂಗಳವಾರ ಅಂದ್ಯಲ್ಲೋ! ನಿನ್ ಮಂಗಳವಾರ ಇವತ್ತೇ ಬಂದ್ಬುಟ್ಟೈತೆ ಕಣ್ಲಾ.”

“ಯಂಗ್ ಸ್ಟಾರು ಕತೆ ಮುಗೀತು ಬುಡ್ರಪ್ಪ. ಹುಳ ಬುಟ್ಟು ಚೆಂಡಿನ ಹಿಂದೆ ಹೋಗಕಾಯ್ತದಾ?”

ಲೋಕೇಶ್ ತಲೆ ತಗ್ಗಿಸಿ ನಿಂತಿದ್ದ. ತಪ್ಪು ತನ್ನದು ಎಂದು ಹೇಳಲು ಬಾಯಿ ತೆರೆದರೆ, ಹೇಳುವುದಕ್ಕೆ ಯಾರೂ ಬಿಡುತ್ತಿರಲಿಲ್ಲ. ಎಲ್ಲರೂ ಆಗಲೇ ಹೇಳುತ್ತಿದ್ದರು. ಕ್ಯಾನು ಕೆಳಗಿಟ್ಟು ಲತಾಮಣಿ ಕೇಳಿದಳು:

“ನಿಮ್ ಆಟಕ್ಕೆ ಕಮ್ಮಿ ಅಂದ್ರೆ ಎಷ್ಟು ಜನ ಬೇಕು?”

“ಹನ್ನೊಂದು.”

“ಅದಲ್ಲ. ಇನ್ನು ಇಷ್ಟಕ್ಕಿಂತ ಕಮ್ಮಿ ಇದ್ರೆ ಆಟಾನೇ ಆಗಲ್ಲ ಅಂತ ಇರ್ತದಲ್ಲ, ಅದು.”

ಲೋಕೇಶ್ ತಲೆಯೆತ್ತಿದ. “ಏಳು.”

“ಮತ್ತೆ ಏಳ್ ಜನ ಹೋಗಿ. ಕೈ ಜಾಸ್ತಿ ಇರೋ ಮನೆಯಿಂದ ಒಬ್ಬೊಬ್ರು. ಮಿಕ್ಕೋರೆಲ್ಲ ಇಲ್ಲಿ ಹುಳ ಆಯ್ಲಿ. ನಾವೇನು ಗೂಡು ಕಟ್ಟೋಕೆ ಬರ್ದೇ ಇರೋ ಹುಳಾನಾ, ಒಂದಿನ ನೋಡ್ಕೊಳ್ಳಲ್ವಾ?”

ಅಲ್ಲಿಂದ ಮಾತು ಬೇರೆ ದಿಕ್ಕಿಗೆ ತಿರುಗಿತು. ಯಾರ ಮನೆಯಲ್ಲಿ ಎಷ್ಟು ಕೈ, ಯಾರ ಹುಳ ಪೂರ್ತಿ ಹಣ್ಣು, ಯಾರದು ಸಂಜೆಯವರೆಗೆ ತಡೆಯುತ್ತದೆ ಎಂದು ಎಣಿಸಿದರು. ಐದು ಜನ ಆದರು, ಆರು ಆದರು. ಗೋಲ್‌ಕೀಪರ್ ಗಂಗರಾಜು ಅಂಕಮ್ಮನ ಮಗ. ಎಲ್ಲರೂ ಅವಳ ಕಡೆ ನೋಡಿದರು.

“ನನ್ ಮಗ ಬರಲ್ಲ” ಎಂದಳು ಅಂಕಮ್ಮ. “ಹೋದ್ ಬೆಳೆ ಗುಂಡಿಗೆ ಹಾಕಿದೀನಿ. ಈ ಬೆಳೆ ನಿಮ್ ಚೆಂಡಿಗೆ ಹಾಕಲ್ಲ. ನನ್ ಮನೇಲಿ ಇರೋದು ಎರಡೇ ಜೊತೆ ಕೈ.”

ಗಂಗರಾಜು ಏನೋ ಹೇಳಲು ಹೋದ. ಲೋಕೇಶ್ ತಡೆದು, “ಸರಿ ಕಣ್ ಚಿಕ್ಕವ್ವ. ಅವನು ಇಲ್ಲೇ ಇರ್ಲಿ” ಎಂದ. ಅವಳ ಗುಂಡಿಗೆ ಹೋದ ಹುಳವನ್ನು ಅವನೇ ಹೊತ್ತು ಹಾಕಿದ್ದ.

ಕಡೆಗೆ ಏಳನೆಯವನಾಗಿ ಒಪ್ಪಿದವನು ಡೈರಿಯಲ್ಲಿ ಹಾಲು ಅಳೆಯುವ ಚಿಕ್ಕಮಾದು. ಹುಳ ಸಾಕದ ಮನೆಯವನು. ತಂಡದಲ್ಲಿ ಹೆಸರಿದ್ದರೂ ಅವನು ಮೂರು ವರ್ಷದಲ್ಲಿ ಆಡಿದ್ದು ಕಡಿಮೆ, ನೀರು ಕೊಟ್ಟದ್ದು ಹೆಚ್ಚು.

“ನಾನು ಎಲ್ಲಿ ನಿಂತ್ಕೊಬೇಕು?” ಎಂದು ಕೇಳಿದ.

“ಎಲ್ಲಾರ ನಿಂತ್ಕೊ ಮಾರಾಯ, ಎಲ್ಲಾ ಕಡೆ ಖಾಲಿ ಇರ್ತದೆ” ಎಂದು ಲೋಕೇಶ್ ನಕ್ಕ. ಅವತ್ತು ಅವನು ನಕ್ಕದ್ದು ಅದೇ ಮೊದಲು.

ಕರೆದುಕೊಂಡು ಹೋಗಲು ಅಸ್ಗರ್ ಗೂಡು ಸಾಗಿಸುವ ತನ್ನ ಲಗೇಜ್ ಆಟೋ ತಂದಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿದ್ದರೂ ಕ್ಲಬ್ಬಿನ ಆಟ ತಪ್ಪಿಸಿದವನಲ್ಲ. ಹಿಂದೆ ಕೂತ ಏಳು ಜನರನ್ನು ನೋಡಿ, “ಕರಿಯಾ, ಮಿಕ್ಕೋರು ಎಲ್ಲಿ?” ಎಂದ.

“ಒಸಿ ಜನ ಕಮ್ಮಿ ಬಿದ್ದವ್ರೆ” ಎಂದ ಕರಿಯಪ್ಪ ಮುಂದೆ ಹತ್ತುತ್ತ. “ನೀನೂ ಬತ್ತೀಯಾ? ಬರೀ ಅಡ್ಡ ನಿಂತ್ಕೊ ಸಾಕು.”

ಅಸ್ಗರ್ ಸ್ಟೇರಿಂಗ್ ಬಡಿದು ನಕ್ಕ.

ಚನ್ನಪಟ್ಟಣದ ಮೈದಾನದಲ್ಲಿ ಅಷ್ಟು ಜನವನ್ನು ಅವರು ನಿರೀಕ್ಷಿಸಿರಲಿಲ್ಲ. ಕನಕಪುರದವರು ಅವತ್ತು ಬೆಳಿಗ್ಗೆಯೇ ತಮ್ಮ ಕೊನೆಯ ಆಟ ಗೆದ್ದು ಮೊದಲನೆಯ ಸ್ಥಾನದಲ್ಲಿ ಕುಳಿತಿದ್ದರು. ಚನ್ನಪಟ್ಟಣ ಇವತ್ತು ಯಂಗ್ ಸ್ಟಾರ್ಸ್ ಎದುರು ಗೆದ್ದರೆ ಪಾಯಿಂಟು ಸಮ. ಆಮೇಲೆ ಗೋಲುಗಳ ಲೆಕ್ಕ. ಆ ಲೆಕ್ಕದಲ್ಲಿ ಕಪ್ಪು ಬೇಕಾದರೆ ಚನ್ನಪಟ್ಟಣ ಆರು ಗೋಲುಗಳ ಅಂತರದಲ್ಲಿ ಗೆಲ್ಲಬೇಕು. ಎದುರಾಳಿ ಬರದೆ ವಾಕೋವರ್ ಕೊಟ್ಟರೆ ಸಿಗುವುದು ಮೂರೇ ಗೋಲು. ಹಾಗಾಗಿ ಹಳದಿ ಬನಿಯನ್ನಿನವರು ಆಟೋದಿಂದ ಇಳಿದಾಗ ಚನ್ನಪಟ್ಟಣದ ನಾಯಕ ಮಧುಕುಮಾರ್ ಓಡಿಬಂದು ಲೋಕೇಶನ ಕೈ ಕುಲುಕಿದ.

“ಬಂದ್ರಲ್ಲಣ್ಣ! ನೀವು ಬರಲ್ಲ ಅಂದ್ಬುಟ್ಟಿದ್ರು, ಎದೆ ಒಡ್ದೋಗಿತ್ತು.” ಆಮೇಲೆ ಎಣಿಸಿ, “ಏಳೇ ಜನಾನಾ?”

“ಏಳು ಸಾಕಲ್ಲಪ್ಪ.”

“ನಮ್ಗೆ ಧಾರಾಳ ಸಾಕು” ಎಂದ ಮಧುಕುಮಾರ್. ಅವನ ಹಿಂದಿದ್ದವರು ನಕ್ಕರು.

ಗೆರೆಯ ಆಚೆ ನೀಲಿ ಬಟ್ಟೆಯ ಹುಡುಗರು ಸಾಲಾಗಿ ಕೂತಿದ್ದರು. ಬಿಡದಿಯ ಈಗಲ್ಸ್. ತಮ್ಮ ಜಾಗ ಖಾಲಿಯಾಗುವುದನ್ನು ನೋಡಲು ಬಂದಿದ್ದರು. ಜಯಕುಮಾರ್ ರೆಫ್ರಿಯ ಜೊತೆ ಮಾತಾಡಿ ಬಂದು ಎಲ್ಲರಿಗೂ ಕೇಳುವಂತೆ ಹೇಳಿದರು: “ಏಳು ಜನ ಇದ್ದಾರೆ, ಆಟ ಶುರು ಮಾಡಬಹುದು. ಆದರೆ ನಡುವೆ ಒಬ್ಬ ಹೊರಗೆ ಹೋಗಿ ಆರಾದರೆ ಆಟ ನಿಲ್ಲುತ್ತೆ. ಅದು ವಾಕೋವರ್ ಅಂತಾನೇ ಲೆಕ್ಕ.”

ಕರಿಯಪ್ಪ ಏಳು ಜನರನ್ನೂ ಹತ್ತಿರ ಕರೆದ. “ಗೆಲ್ಲಿ ಅಂತ ನಾನು ಹೇಳಲ್ಲ. ಸೋಲ್ರಿ. ಆದ್ರೆ ಒಬ್ನೂ ಕುಂತ್ಕೊಬ್ಯಾಡಿ. ಪೀಪಿ ಊದೋಗಂಟ ನಿಂತಿರಿ.”

ಏಳು ಜನ ಹನ್ನೊಂದು ಜನರ ಎದುರು ಹೇಗೆ ಆಡುತ್ತಾರೋ ಹಾಗೇ ಆಡಿದರು. ಒಬ್ಬನನ್ನು ತಡೆದರೆ ಇಬ್ಬರು ಬರುತ್ತಿದ್ದರು. ಅರ್ಧ ಆಟದ ಹೊತ್ತಿಗೆ ನಾಲ್ಕು ಗೋಲು ಬಿದ್ದಿತ್ತು. ಚಿಕ್ಕಮಾದು ಗೆರೆಯ ಹತ್ತಿರ ಎರಡು ಸಲ ವಾಂತಿ ಮಾಡಿಕೊಂಡು ಮತ್ತೆ ಓಡಿದ. ನೀಲಿ ಬಟ್ಟೆಯ ಹುಡುಗರಲ್ಲಿ ಒಬ್ಬ, “ಅಂಕಲ್, ಮನೆಗೋಗಿ ಹುಳಕ್ಕೆ ಸೊಪ್ಪಾಕಿ” ಎಂದು ಕೂಗಿದ. ಚಿಕ್ಕಮಾದು ಬಾಯಿ ಒರೆಸಿಕೊಂಡು, “ಹಣ್ಣಾಗವೆ ಕಣಪ್ಪ, ಇವತ್ತು ಸೊಪ್ಪು ತಿನ್ನಲ್ಲ” ಎಂದು ಉತ್ತರ ಕೊಟ್ಟೇ ಮುಂದೆ ಹೋದ.

ಐದನೆಯ ಗೋಲಾದ ಮೇಲೆ ಲೋಕೇಶನ ಕಾಲು ಕುಳಿಯಲ್ಲಿ ಹೊರಳಿತು. ಬಿದ್ದವನು ಎದ್ದ, ಪಾದ ಊರಲು ಹೋಗಿ ಮತ್ತೆ ಬಿದ್ದ. ರೆಫ್ರಿ ಬಂದು ಬಗ್ಗಿ ನೋಡಿ, ಹೊರಗೆ ಹೋಗುತ್ತೀಯಾ ಎಂದು ಕೇಳಿದ. ಗೆರೆಯ ಹತ್ತಿರ ನೀಲಿ ಬಟ್ಟೆಯವರೆಲ್ಲ ಎದ್ದು ನಿಂತರು.

ಅವರಿಗಿಂತ ಮೊದಲು ಮಧುಕುಮಾರ್ ಬಂದು ಲೋಕೇಶನ ಪಕ್ಕ ಕೂತಿದ್ದ. ಆಟ ಇಲ್ಲಿಗೇ ನಿಂತರೆ ಅವನ ಐದು ಗೋಲೂ ಹೋಗಿ ಮೂರಾಗುತ್ತದೆ, ಕಪ್ಪು ಕನಕಪುರಕ್ಕೆ. “ಅಣ್ಣ, ಏಳಣ್ಣ, ದೇವ್ರಾಣೆ ಏಳಣ್ಣ” ಎನ್ನುತ್ತ ತನ್ನ ಮೊಣಕಾಲಿನ ಬ್ಯಾಂಡೇಜನ್ನೇ ಬಿಚ್ಚಿ ಲೋಕೇಶನ ಹರಡಿಗೆ ಬಿಗಿಯಾಗಿ ಸುತ್ತಿದ. “ನೀನು ಓಡ್ಬ್ಯಾಡ. ಗೋಲಲ್ಲಿ ಕಂಬ ಹಿಡ್ಕೊಂಡು ನಿಂತ್ಕೊ. ನಮ್ ಹುಡುಗ್ರು ನಿನ್ ಮೈ ಮುಟ್ಟಲ್ಲ.”

ಲೋಕೇಶ್ ಅವನ ಹೆಗಲು ಹಿಡಿದು ಎದ್ದ. ಕುಂಟುತ್ತ ಗೋಲಿಗೆ ಹೋಗಿ ಕಂಬ ಹಿಡಿದು ನಿಂತ. ಗೆರೆಯಾಚೆ ಕರಿಯಪ್ಪ ಕೈ ಕಟ್ಟಿಕೊಂಡು ನಿಂತಿದ್ದ. ಅವನ ಮುಖ ಕಾಣಲಿಲ್ಲ, ನಿಂತಿದ್ದ ರೀತಿ ಕಂಡಿತು.

ಆರನೆಯ ಗೋಲು ಬೇಗನೆ ಬಂತು. ಒಂಟಿಗಾಲಿನವನು ಎಷ್ಟು ಹಾರಿಯಾನು? ಚನ್ನಪಟ್ಟಣದ ಜನ ಪಟಾಕಿ ಹಚ್ಚಿದರು. ಬೇಕಾದ ಆರು ಸಿಕ್ಕಿತ್ತು. ಇನ್ನು ಪೀಪಿ ಊದುವ ತನಕ ಈ ಏಳು ಜನ ನಿಂತಿದ್ದರೆ ಸಾಕು. ಮಧುಕುಮಾರನ ಹುಡುಗರು ಓಡುವುದು ಬಿಟ್ಟು, ಚೆಂಡನ್ನು ತಮ್ಮತಮ್ಮಲ್ಲೇ ಅತ್ತಿಂದಿತ್ತ ಹೊರಳಿಸುತ್ತ ನಿಂತರು. ಅವರ ಗೋಲ್‌ಕೀಪರ್ ಗೋಲು ಬಿಟ್ಟು ನಡುಗೆರೆಯ ತನಕ ಬಂದು, ಯಾರೊಂದಿಗೋ ನಗುತ್ತ ಮಾತಾಡುತ್ತಿದ್ದ.

ಲೋಕೇಶ್ ಕಂಬ ಹಿಡಿದೇ ನೋಡಿದ. ಆರು ಗೋಲು ಬಿದ್ದಾಗ ಆಗದ ಉರಿ ಈಗ ಆಯಿತು. ಇದು ಸೋಲಿಸುವುದಲ್ಲ, ಹೊಲದಲ್ಲಿ ಬೆದರುಬೊಂಬೆ ನಿಲ್ಲಿಸುವ ಹಾಗೆ ನಿಲ್ಲಿಸಿಕೊಳ್ಳುವುದು.

“ಲೇ!” ಎಂದು ಗಂಟಲು ಹರಿಯುವಂತೆ ಕೂಗಿದ. “ನಿಂತ್ಕೊಳ್ಳಾಕ್ ಬಂದಿದೀವೇನ್ರಲಾ? ನುಗ್ರೋ!”

ಆರು ಜನ ನುಗ್ಗಿದರು. ಚನ್ನಪಟ್ಟಣದವನೊಬ್ಬ ಬೆಚ್ಚಿ ಚೆಂಡನ್ನು ತಪ್ಪಾಗಿ ತಳ್ಳಿದ. ಅದು ಉರುಳುತ್ತ ಚಿಕ್ಕಮಾದುವಿನ ಕಾಲ ಹತ್ತಿರ ಬಂತು. ಎಲ್ಲಿ ನಿಲ್ಲಬೇಕೆಂದು ಗೊತ್ತಿಲ್ಲದೆ ಅವನು ನಡುಗೆರೆಯ ಆಚೆ ಸುಮ್ಮನೆ ನಿಂತಿದ್ದ. ಮುಂದೆ ಗೋಲು ಖಾಲಿ. ಯಾರಾದರೂ ಬಂದು ಈಸಿಕೊಳ್ಳುತ್ತಾರೇನೋ ಎಂದು ಒಂದು ಗಳಿಗೆ ಅಕ್ಕಪಕ್ಕ ನೋಡಿದ. ಆಮೇಲೆ ಒದ್ದ. ಚೆಂಡು ಎತ್ತರಕ್ಕೆ ಹೋಗಲಿಲ್ಲ, ವೇಗವಾಗಿಯೂ ಹೋಗಲಿಲ್ಲ. ಎತ್ತಿನ ಗಾಡಿ ಮನೆಗೆ ಹೋಗುವಂತೆ ನೆಲದ ಮೇಲೆ ನೇರವಾಗಿ ಹೋಯಿತು. ಕೀಪರ್ ಅದರ ಹಿಂದೆ ಓಡಿದ, ಜಿಗಿದ, ಚೆಂಡಿಗಿಂತ ಆಮೇಲೆ ಗೋಲಿನೊಳಗೆ ಬಿದ್ದ.

ಇಡೀ ಮೈದಾನದಲ್ಲಿ ಅಸ್ಗರ್ ಒಬ್ಬನೇ ಅರಚಿದ್ದು ಕೇಳಿಸಿತು.

ಅಂತರ ಈಗ ಐದು. ಚನ್ನಪಟ್ಟಣಕ್ಕೆ ಕಪ್ಪು ಇಲ್ಲ. ಆಟಕ್ಕೆ ಉಳಿದದ್ದು ಸ್ವಲ್ಪವೇ ಹೊತ್ತು. ಹನ್ನೊಂದು ಜನರೂ ಹುಚ್ಚೆದ್ದವರಂತೆ ಬಂದರು. ಒಂದು ಚೆಂಡು ಲೋಕೇಶನ ಎದೆಗೆ ಬಡಿದು ಹಿಂದೆ ಹೋಯಿತು. ಇನ್ನೊಂದನ್ನು ಅವನು ಒಂಟಿಗಾಲಲ್ಲೇ ಬಿದ್ದು ಹೊರಗೆ ತಳ್ಳಿದ. ಬಿದ್ದವನನ್ನು ಇಬ್ಬರು ಎತ್ತಿ ನಿಲ್ಲಿಸಿದರು. ಮೂರನೆಯದು ಅವನ ಬೆರಳ ತುದಿ ಸವರಿ ಒಳಗೆ ಹೋಯಿತು. ಏಳು, ಒಂದು. ಚೆಂಡನ್ನು ನಡುವಿಗೆ ತರುವಷ್ಟರಲ್ಲಿ ರೆಫ್ರಿ ಪೀಪಿ ಊದಿದ.

ಚನ್ನಪಟ್ಟಣದವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಇತ್ತ ಹಳದಿ ಬನಿಯನ್ನಿನ ಆರು ಜನ ಲೋಕೇಶನನ್ನು ಹೆಗಲ ಮೇಲೆ ಎತ್ತಿಕೊಳ್ಳಲು ಹೋಗಿ, ಎತ್ತುವ ಶಕ್ತಿಯಿಲ್ಲದೆ ಎಲ್ಲರೂ ಒಟ್ಟಿಗೆ ಬಿದ್ದು, ಬಿದ್ದಲ್ಲೇ ಅರಚುತ್ತಿದ್ದರು. ನೀಲಿ ಬಟ್ಟೆಯ ಹುಡುಗನೊಬ್ಬ ಜಯಕುಮಾರರನ್ನು ಕೇಳಿದ: “ಸರ್, ಏಳು ಗೋಲು ತಿಂದು ಸೋತೋರು ಯಾಕೆ ಕುಣೀತಿದಾರೆ?” ಜಯಕುಮಾರ್ ಕರಿಯಪ್ಪನ ಕಡೆ ನೋಡಿ ತಲೆ ಬಾಗಿಸಿ ಕಾರಿನ ಕಡೆ ನಡೆದರು.

ಮಧುಕುಮಾರ್ ಬೆವರು ಒರೆಸಿಕೊಳ್ಳುತ್ತ ಬಂದ. ಕಪ್ಪು ಗೆದ್ದ ಮುಖದಲ್ಲಿ ಇನ್ನೂ ಹೆದರಿಕೆ ಆರಿರಲಿಲ್ಲ. “ಏನಣ್ಣ ನೀನು, ಪ್ರಾಣಾನೇ ತೆಗ್ದ್‌ಬುಟ್ಟಿದ್ದೆ. ನಾನೇ ಬ್ಯಾಂಡೇಜ್ ಕಟ್ಟಿ ಎಬ್ಬಿಸಿದ್ದು ನಿನ್ನ!”

“ಕಟ್ಟಿದ್ದು ಆಡ್ಲಿ ಅಂತ ತಾನೆ?” ಎಂದ ಲೋಕೇಶ್ ನೆಲದಲ್ಲಿ ಕೂತೇ. “ಆಡ್ದೊ.”

ಊರು ಸೇರಿದಾಗ ಹೊತ್ತು ಇಳಿದಿತ್ತು. ಏಳು ಜನವೂ ಬನಿಯನ್ ಬಿಚ್ಚದೆ ಕೈ ಬೇಕಾದ ಮನೆಗಳಿಗೆ ಹೋಗಿ ಹುಳ ಆಯಲು ಕೂತರು. ಲೋಕೇಶನ ಹುಳಮನೆಯಲ್ಲಿ ಲತಾಮಣಿ, ಸಿದ್ದಮ್ಮನ ಜೊತೆ ಅಂಕಮ್ಮ, ಗಂಗರಾಜು ಇಬ್ಬರೂ ಕೂತು ಹಣ್ಣುಹುಳ ಆಯುತ್ತಿದ್ದರು.

“ನಮ್ಮನೇದು ಆಗ್ಲೇ ಮುಗೀತು” ಎಂದಳು ಅಂಕಮ್ಮ, ತಲೆ ಎತ್ತದೆ. “ಎಷ್ಟಕ್ಕೆ ಸೋತ್ರಿ?”

“ಏಳು. ನಾವು ಒಂದು ಹೊಡ್ದೊ.”

“ನನ್ ಮಗ ಇದ್ದಿದ್ರೆ ಏಳು ಆಗ್ತಿರ್ನಿಲ್ಲ.”

“ಹೂಂ ಚಿಕ್ಕವ್ವ, ಆಗ್ತಿರ್ನಿಲ್ಲ.”

“ಮುಂದಿನ್ ವರ್ಸ ಬೀದಿ ಬೀದಿ ಬ್ಯಾರೆ ಬ್ಯಾರೆ ವಾರ ಚಾಕಿ ತನ್ನಿ. ಆಗ ಕಳಿಸ್ತೀನಿ.” ಒಂದು ಹಿಡಿ ಹುಳವನ್ನು ಚಂದ್ರಿಕೆಯ ಸುರುಳಿಗೆ ಬಿಟ್ಟು, ಅವನ ಊದಿದ ಕಾಲನ್ನು ನೋಡಿದಳು. “ಆ ಕಾಲು ಒಸಿ ಮೇಲಿಟ್ಕೊಂಡು ಕುಂತ್ಕೊ. ಕೈಗೇನೂ ಆಗಿಲ್ಲ ತಾನೆ? ಆಯಿ.”

ಸೋಮವಾರ ಬೆಳಿಗ್ಗೆ ಕರಿಯಪ್ಪ ಸುಣ್ಣ ಎಳೆದು, ಒಣಗಿಸಿ, ಕೆಳಗಿನಿಂದ ಮೇಲಕ್ಕೆ ಬರೆದ. ಹತ್ತು, ಯಂಗ್ ಸ್ಟಾರ್ಸ್, ಕೆಂಚಯ್ಯನದೊಡ್ಡಿ. ಮೇಲೆ ಹೋಗುತ್ತ ಹೋಗುತ್ತ ಕನಕಪುರ ಎರಡಾಯಿತು, ಚನ್ನಪಟ್ಟಣ ಒಂದಾಯಿತು. ಬರೆದು ಮುಗಿಸಿ ಕೈ ತೊಳೆಯಲು ಹೋದ.

ಗೂಡು ಕಟ್ಟಲು ಹತ್ತಿದ ಹುಳ ಮೈಯ ನೀರು ಬಿಟ್ಟು ಒದ್ದೆ ಮಾಡುತ್ತದೆ. ಚಂದ್ರಿಕೆಗಳನ್ನು ಗಾಳಿಯಾಡುವ ನೆರಳಿನಲ್ಲಿ ಓರೆಯಾಗಿ ನಿಲ್ಲಿಸಬೇಕು. ಬೆಳಗಿನ ನೆರಳು ಬೀಳುವುದು ರಸ್ತೆಯ ಕಡೆಯ ಗೋಡೆಗೇ. ಲತಾಮಣಿ ಒಂದೊಂದೇ ಚಂದ್ರಿಕೆ ಹೊತ್ತು ತಂದು, ಉದ್ದಕ್ಕೂ ಗೋಡೆಗೆ ಒರಗಿಸಿದಳು. ಮುಗಿದಾಗ ಗೋಡೆಯ ಕೆಳಗಿನ ಭಾಗ ಮುಚ್ಚಿಹೋಗಿತ್ತು. ಮೇಲಿನ ಹೆಸರುಗಳು ಮಾತ್ರ ಕಾಣುತ್ತಿದ್ದವು.

ಕರಿಯಪ್ಪ ಬಂದು ನೋಡುತ್ತ ನಿಂತ.

“ಇರ್ಲಿ ಬುಡಿ ಮಾವ” ಎಂದಳು ಲತಾಮಣಿ. “ಗೂಡು ಬಿಡಿಸೋಗಂಟ ಮುಚ್ಕೊಂಡಿರ್ಲಿ. ನಾಳೆ ಮಂಗಳವಾರ, ಕಬ್ಬಾಳಿಗೆ ಹೋಗೋರು ಒಂದ್ಸಲನಾದ್ರೂ ಆಡ್ಕೊಳ್ದೆ ಹೋಗ್ಲಿ.”

ಕರಿಯಪ್ಪ ಬಾಗಿ, ನಡುವಿನ ಚಂದ್ರಿಕೆಯನ್ನು ಹುಳ ಅಲುಗದ ಹಾಗೆ ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕೆ ಸರಿಸಿದ. ಎರಡು ಚಂದ್ರಿಕೆಗಳ ಸಂದಿಯಲ್ಲಿ ಹತ್ತನೆಯ ಸಾಲು ಪೂರ್ತಿ ಕಾಣಿಸಿತು. ರಸ್ತೆಗೆ ಹೋಗಿ ಅಲ್ಲಿಂದ ಒಮ್ಮೆ ನೋಡಿದ. ತಿರುಗಿ ಬಂದು ಇನ್ನೊಂದು ಗೇಣು ಸರಿಸಿದ.